ಅಪ್‌ಡೇಟ್ ಹಾಕಿದ ಮೇಲೆ ಫೋನ್ ಹಾಳಾಯ್ತು ಅನ್ನುವ ಮೊದಲು

“ಅಪ್‌ಡೇಟ್ ಹಾಕಿದ್ದೇ ತಪ್ಪಾಯ್ತು, ಅವತ್ತಿನಿಂದ ಫೋನ್ ನೆಟ್ಟಗಿಲ್ಲ.” ಮೂರು ವರ್ಷ ದಾಟಿದ ಆಂಡ್ರಾಯ್ಡ್ ಫೋನ್ ಇರುವ ಮನೆಗಳಲ್ಲಿ ಆಗಾಗ ಕೇಳುವ ಮಾತು. ಕೆಲವು ಸಲ ಅದು ನಿಜವೂ ಹೌದು. ಆದರೆ ಬಹಳ ಸಲ ದೋಷ ಮೊದಲೇ ಒಳಗೆ ಕೂತಿರುತ್ತದೆ. ಬ್ಯಾಟರಿ ಸೊರಗಿರುತ್ತದೆ, ಸ್ಟೋರೇಜ್ ಕಂಠಮಟ್ಟ ತುಂಬಿರುತ್ತದೆ, ಚಾರ್ಜಿಂಗ್ ತೂತಿನಲ್ಲಿ ಕಸ ಗಟ್ಟಿಯಾಗಿರುತ್ತದೆ. ಅಪ್‌ಡೇಟ್ ಒಂದೆರಡು ಗಂಟೆ ಫೋನನ್ನು ಜೋರಾಗಿ ದುಡಿಸುತ್ತದೆ, ಬಿಸಿ ಮಾಡುತ್ತದೆ, ಇದ್ದ ರೋಗ ಆಗ ಹೊರಗೆ ಬರುತ್ತದೆ. ಯಾವುದು ಅಪ್‌ಡೇಟಿನ ತಪ್ಪು, ಯಾವುದು ಅಲ್ಲ ಎಂದು ಮನೆಯಲ್ಲೇ ಕೂತು ತಿಳಿದುಕೊಳ್ಳಬಹುದು. ಅದಕ್ಕೊಂದು ಕ್ರಮ ಇದೆ. ಆ ಕ್ರಮ ತಪ್ಪಿಸಿ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ‘ಫ್ಯಾಕ್ಟರಿ ರೀಸೆಟ್’ಗೆ ನೇರ ಕೈಹಾಕಿದವರೇ ಫೋಟೋಗಳನ್ನು ಕಳೆದುಕೊಳ್ಳುವುದು.

ಮೊದಲು ನಿಮ್ಮ ಫೋನ್ ಎಲ್ಲಿದೆ ಅಂತ ನೋಡಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರೊಳಗೆ ‘ಆಂಡ್ರಾಯ್ಡ್ ವರ್ಷನ್’ ಒತ್ತಿದರೆ ಮೂರು ಸಂಗತಿ ಕಾಣುತ್ತವೆ: ಆವೃತ್ತಿಯ ಸಂಖ್ಯೆ, ಸೆಕ್ಯುರಿಟಿ ಪ್ಯಾಚ್‌ನ (ಭದ್ರತೆಯ ಬಿರುಕು ಮುಚ್ಚುವ ತೇಪೆಯ) ದಿನಾಂಕ, ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್‌ನ ದಿನಾಂಕ. ಫೋನಿನ ಮೆನು ಕನ್ನಡದಲ್ಲಿಟ್ಟುಕೊಂಡವರಿಗೆ ಈ ಹೆಸರುಗಳು ಬೇರೆಯಾಗಿ ಕಾಣುತ್ತವೆ, ಕಂಪನಿಯಿಂದ ಕಂಪನಿಗೂ ಜಾಗ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಪಟ್ಟಿಯಲ್ಲಿ ‘ಆಂಡ್ರಾಯ್ಡ್’ ಎಂದು ಹಾಕಿ. ಮೂರರಲ್ಲಿ ಮುಖ್ಯವಾದದ್ದು ಎರಡನೆಯದು. ಆಂಡ್ರಾಯ್ಡ್‌ನಲ್ಲಿ ಪತ್ತೆಯಾದ ಭದ್ರತೆಯ ಬಿರುಕುಗಳ ಪಟ್ಟಿಯನ್ನು ಗೂಗಲ್ 2015ರ ಆಗಸ್ಟ್‌ನಿಂದ ಪ್ರಕಟಿಸುತ್ತಾ ಬಂದಿದೆ. ಪಟ್ಟಿ ಹೊರಬಿದ್ದ ಮೇಲೆ ಬಿರುಕು ಎಲ್ಲಿದೆ ಎಂಬುದು ಕಳ್ಳರಿಗೂ ಗೊತ್ತಾಗುತ್ತದೆ. ಪ್ಯಾಚ್‌ನ ದಿನಾಂಕ ಒಂದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸದು ಬರುವ ಲಕ್ಷಣವೂ ಇಲ್ಲದಿದ್ದರೆ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಇಟ್ಟುಕೊಳ್ಳಬೇಡಿ. ಹಾಡು ಕೇಳಲು, ಮಕ್ಕಳ ಪಾಠಕ್ಕೆ ಬಿಡಿ.

ಹೊಸ ಫೋನ್ ಕೊಳ್ಳುವವರಿಗೂ ಇದೇ ಲೆಕ್ಕ. ಗೂಗಲ್‌ನ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಆ ಕಂಪನಿಗಳು ಹೇಳಿವೆ. ಅಗ್ಗದ ಮಾದರಿಗಳಲ್ಲಿ ಈ ಅವಧಿ ಬಹಳ ಕಡಿಮೆ ಇರಬಹುದು. ಎಣಿಕೆ ಶುರುವಾಗುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಹಬ್ಬದ ಆಫರ್‌ನಲ್ಲಿ ಎರಡು ವರ್ಷ ಹಳೆಯ ಮಾದರಿ ಅರ್ಧ ಬೆಲೆಗೆ ಸಿಕ್ಕರೆ, ಆ ಎರಡು ವರ್ಷ ಆಗಲೇ ಕಳೆದುಹೋಗಿದೆ ಎಂದು ಲೆಕ್ಕಕ್ಕೆ ಹಿಡಿಯಿರಿ.

ಜಾಗ ಇಲ್ಲದ ಫೋನಿಗೆ ಅಪ್‌ಡೇಟ್ ಬೇಡ

ಸ್ಟೋರೇಜ್ 90 ಶೇಕಡಾ ದಾಟಿದ ಫೋನ್ ನಿಧಾನವಾಗುವುದಕ್ಕೆ ಕಾರಣ ಚಿಪ್‌ನ ಸ್ವಭಾವದಲ್ಲೇ ಇದೆ. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯ ಬರಹದ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗದು. ಮೊದಲು ಒಂದು ಇಡೀ ತುಂಡನ್ನು ಅಳಿಸಬೇಕು, ಆಮೇಲೆ ಬರೆಯಬೇಕು. ಖಾಲಿ ತುಂಡುಗಳು ಸಾಕಷ್ಟಿದ್ದರೆ ಈ ಅಳಿಸುವ ಕೆಲಸ ಫೋನ್ ಸುಮ್ಮನಿದ್ದಾಗ ನಡೆಯುತ್ತದೆ. ಇಲ್ಲದಿದ್ದರೆ ನೀವು ಫೋಟೋ ತೆಗೆಯುವ ಹೊತ್ತಿನಲ್ಲೇ ನಡೆಯುತ್ತದೆ. ಪಾತ್ರೆಯೆಲ್ಲ ಮುಸುರೆಯಾಗಿರುವ ಅಡುಗೆಮನೆಯಲ್ಲಿ ನೆಂಟರಿಗೆ ಕಾಫಿ ಮಾಡಿದ ಹಾಗೆ: ಪ್ರತಿ ಲೋಟಕ್ಕೂ ಮೊದಲು ತೊಳೆಯುವ ಕೆಲಸ. 128 ಜಿಬಿ ಫೋನಿನಲ್ಲಿ ಕನಿಷ್ಠ 15 ಜಿಬಿ ಸದಾ ಖಾಲಿ ಇರಲಿ. ದೊಡ್ಡ ಅಪ್‌ಡೇಟ್ ಬಿಚ್ಚಿಕೊಳ್ಳಲೂ ಅಷ್ಟು ಜಾಗ ಬೇಕು.

ಜಾಗ ತಿಂದಿರುವುದು ಹೆಚ್ಚಾಗಿ ವಾಟ್ಸ್‌ಆ್ಯಪ್. ಅದರ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆರೆಯಿರಿ. 5 ಎಂಬಿಗಿಂತ ದೊಡ್ಡ ಫೈಲುಗಳು, ಹಲವು ಸಲ ಫಾರ್ವರ್ಡ್ ಆದವು ಬೇರೆ ಬೇರೆಯಾಗಿ ಸಿಗುತ್ತವೆ. ನೀವೇ ಕಳಿಸಿದ ವೀಡಿಯೊಗಳ ಇನ್ನೊಂದು ಪ್ರತಿ ‘ಸೆಂಟ್’ ಎಂಬ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ಗ್ಯಾಲರಿಯಲ್ಲಿ ಕಾಣುವುದಿಲ್ಲವಾದ್ದರಿಂದ ಯಾರೂ ಅದರ ಕಡೆ ನೋಡುವುದಿಲ್ಲ. ಫೈಲ್ಸ್ ಆ್ಯಪ್‌ನಲ್ಲಿ ‘ಆಂಡ್ರಾಯ್ಡ್’, ‘ಮೀಡಿಯಾ’, ‘ಕಾಮ್.ವಾಟ್ಸ್‌ಆ್ಯಪ್’ ಎಂದು ಒಳಹೊಕ್ಕರೆ ಸಿಗುತ್ತದೆ. ಇನ್ನೊಂದು ಮಾತು, ಗ್ಯಾಲರಿಯಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲ. ‘ಟ್ರ್ಯಾಶ್’ನಲ್ಲಿ ಸಾಮಾನ್ಯವಾಗಿ 30 ದಿನ ಕೂತಿರುತ್ತದೆ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವಾದರೆ 60 ದಿನ. ಜಾಗ ಬೇಕೆಂದರೆ ಟ್ರ್ಯಾಶನ್ನೂ ಖಾಲಿ ಮಾಡಬೇಕು.

ಒಂದು ಎಚ್ಚರಿಕೆ. ಆ್ಯಪ್‌ನ ಸ್ಟೋರೇಜ್ ಪುಟದಲ್ಲಿ ಎರಡು ಗುಂಡಿಗಳು ಅಕ್ಕಪಕ್ಕ ಇರುತ್ತವೆ. ‘ಕ್ಲಿಯರ್ ಕ್ಯಾಶ್’ ಅಳಿಸುವುದು ತಾತ್ಕಾಲಿಕ ಫೈಲುಗಳನ್ನು ಮಾತ್ರ, ಎಷ್ಟು ಸಲ ಒತ್ತಿದರೂ ನಷ್ಟವಿಲ್ಲ. ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಒತ್ತಿದರೆ ಆ್ಯಪ್ ಹೊಚ್ಚಹೊಸದಾಗುತ್ತದೆ, ಅದರೊಳಗೆ ಇದ್ದದ್ದೆಲ್ಲ ಹೋಗುತ್ತದೆ.

ಬ್ಯಾಕಪ್‌ನ ದಿನಾಂಕ ಓದಿ

‘ಬ್ಯಾಕಪ್ ಆನ್ ಇದೆ’ ಅನ್ನುವುದೂ ‘ಬ್ಯಾಕಪ್ ಆಗಿದೆ’ ಅನ್ನುವುದೂ ಒಂದಲ್ಲ. ಗೂಗಲ್ ಖಾತೆಗೆ ಉಚಿತವಾಗಿ ಸಿಗುವ ಜಾಗ 15 ಜಿಬಿ. 2021ರ ಜೂನ್ 1ರಿಂದ ಫೋಟೋಗಳೆಲ್ಲ ಆ ಲೆಕ್ಕಕ್ಕೇ ಬರುತ್ತಿವೆ, ಆಮೇಲೆ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದರೊಳಗೇ ಸೇರಿತು. 15 ಜಿಬಿ ತುಂಬಿದ ದಿನ ಬ್ಯಾಕಪ್ ಸದ್ದಿಲ್ಲದೆ ನಿಂತುಬಿಡುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್‌ನ ‘ಚಾಟ್ ಬ್ಯಾಕಪ್’ ಪುಟ ತೆರೆದು ಕೊನೆಯ ಬ್ಯಾಕಪ್‌ನ ದಿನಾಂಕವನ್ನು ಕಣ್ಣಾರೆ ನೋಡಿ. ಗೂಗಲ್ ಫೋಟೋಸ್‌ನಲ್ಲೂ ಬಲ ಮೇಲ್ತುದಿಯ ನಿಮ್ಮ ಚಿತ್ರವನ್ನು ಒತ್ತಿ ನೋಡಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಆ ಪಾಸ್‌ವರ್ಡ್ ಮರೆತರೆ ಕಂಪನಿಯೂ ತೆರೆದುಕೊಡಲಾರದು.

ಕ್ಲೌಡ್‌ನಲ್ಲಿ ಜಾಗ ಇಲ್ಲದವರು ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ, ಫೋನಿನ ನೋಟಿಫಿಕೇಶನ್ ಎಳೆದು ‘ಫೈಲ್ ಟ್ರಾನ್ಸ್‌ಫರ್’ ಆರಿಸಿ, ಕ್ಯಾಮೆರಾದ ಚಿತ್ರಗಳಿರುವ ‘ಡಿಸಿಐಎಂ’ ಫೋಲ್ಡರನ್ನೂ ವಾಟ್ಸ್‌ಆ್ಯಪ್ ಫೋಲ್ಡರನ್ನೂ ಇಡಿಯಾಗಿ ನಕಲು ಮಾಡಿಕೊಳ್ಳಿ. ಕೇಬಲ್ ಹಾಕಿದರೂ ಬರೀ ಚಾರ್ಜ್ ಆಗುತ್ತಿದ್ದರೆ ಅದು ಡೇಟಾ ತಂತಿಯಿಲ್ಲದ ಅಗ್ಗದ ಕೇಬಲ್ ಇರಬಹುದು, ಫೋನಿನ ಜೊತೆ ಬಂದದ್ದನ್ನು ಬಳಸಿ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಹೆಸರೂ ಗೂಗಲ್ ಖಾತೆಯಲ್ಲಿದೆಯೋ, ‘ಡಿವೈಸ್’ ಅಂತ ಇದೆಯೋ ನೋಡಿ. ಡಿವೈಸ್‌ನಲ್ಲಿ ಮಾತ್ರ ಇರುವ ಹೆಸರುಗಳು ಫೋನಿನ ಜೊತೆಗೇ ಹೋಗುತ್ತವೆ.

ಈ ಬ್ಯಾಕಪ್ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಸ್ಟೋರೇಜ್ ಪೂರ್ತಿ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಚ್ಚುವ ಕೀಲಿ ಪ್ರೊಸೆಸರ್‌ಗೂ ನಿಮ್ಮ ಪಿನ್‌ಗೂ ಕಟ್ಟಿಕೊಂಡಿರುತ್ತದೆ. ಬೋರ್ಡ್ ಸುಟ್ಟುಹೋದರೆ ಮೆಮೊರಿ ಚಿಪ್ ಕಿತ್ತು ಬೇರೆ ಯಂತ್ರದಲ್ಲಿ ಓದಿದರೂ ಸಿಗುವುದು ಅರ್ಥವಿಲ್ಲದ ಅಕ್ಷರಗಳು. ಹತ್ತು ಹನ್ನೆರಡು ವರ್ಷದ ಹಿಂದಿನ ಫೋನುಗಳಲ್ಲಿ ಆಗುತ್ತಿದ್ದ ‘ಡೇಟಾ ರಿಕವರಿ’ ಈಗ ಆಗದು. ಅದೇ ಬೋರ್ಡನ್ನು ಮತ್ತೆ ಜೀವಂತ ಮಾಡಿ, ಪಿನ್ ಹಾಕಿ ಒಳಗೆ ಹೋಗುವುದೊಂದೇ ದಾರಿ.

ಹಾಕುವ ಹೊತ್ತು, ಹಾಕಿದ ಮೇಲೆ

ಭದ್ರತೆಯ ಪ್ಯಾಚ್ ಬಂದ ಕೂಡಲೇ ಹಾಕಿ. ಆಂಡ್ರಾಯ್ಡ್‌ನ ಆವೃತ್ತಿಯೇ ಬದಲಾಗುವ ದೊಡ್ಡ ಅಪ್‌ಡೇಟ್ ಆದರೆ ಒಂದು ವಾರ, ಹತ್ತು ದಿನ ಕಾಯುವುದರಲ್ಲಿ ತಪ್ಪಿಲ್ಲ. ಕಂಪನಿಗಳು ಅದನ್ನು ಕಂತು ಕಂತಾಗಿ ಬಿಡುತ್ತವೆ, ಮೊದಲ ಕಂತಿನಲ್ಲಿ ದೋಷ ಕಂಡರೆ ತಡೆಹಿಡಿದು ತಿದ್ದುತ್ತವೆ. ಹಿಂದಿನ ಆವೃತ್ತಿಗೆ ವಾಪಸ್ ಹೋಗುವುದು ಸಾಮಾನ್ಯ ಬಳಕೆದಾರರಿಗೆ ಸುಲಭವಲ್ಲ, ಹೋಗಲು ಬಂದರೂ ಡೇಟಾ ಪೂರ್ತಿ ಅಳಿಯುತ್ತದೆ. ಹಾಗಾಗಿ ಈ ತಾಳ್ಮೆಗೆ ಬೆಲೆಯಿದೆ.

ಹಾಕುವಾಗ ಚಾರ್ಜ್ 50 ಶೇಕಡಾಕ್ಕಿಂತ ಹೆಚ್ಚಿರಲಿ, ವೈಫೈ ಇರಲಿ, ಕವರ್ ತೆಗೆದಿಡಿ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಹಲವು ಫೋನುಗಳಲ್ಲಿ ಸಿಸ್ಟಮ್‌ಗೆ ಎರಡು ಕೋಣೆಗಳಿರುವ ವ್ಯವಸ್ಥೆ ಇದೆ. ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಹೊಸದು ಇನ್ನೊಂದರಲ್ಲಿ ಸಿದ್ಧವಾಗುತ್ತದೆ, ರೀಸ್ಟಾರ್ಟ್ ಮಾಡಿದಾಗ ಕೋಣೆ ಬದಲಾಗುತ್ತದೆ. ಹೊಸ ಕೋಣೆ ತೆರೆಯದಿದ್ದರೆ ಫೋನ್ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ‘ಅಪ್‌ಡೇಟ್ ಫೇಲ್ಡ್’ ಎಂದು ಬಂದು ಫೋನ್ ಮೊದಲಿನಂತೆಯೇ ಇದ್ದರೆ ಗಾಬರಿ ಬೇಡ, ಜಾಗ ಮಾಡಿಕೊಟ್ಟು ಮತ್ತೆ ಹಾಕಿ. ಈ ವ್ಯವಸ್ಥೆ ಇಲ್ಲದ ಫೋನುಗಳಲ್ಲಿ ಮಾತ್ರ ಅಪ್‌ಡೇಟ್ ನಡೆಯುವಾಗ ಕರಿಪರದೆಯ ಮೇಲೆ ಪಟ್ಟಿ ಓಡುತ್ತಿರುತ್ತದೆ. ಆಗ ಯಾವ ಗುಂಡಿಯನ್ನೂ ಮುಟ್ಟಬಾರದು.

ದೊಡ್ಡ ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ಫೋನ್ ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ಸಹಜ. ನಿಮ್ಮಲ್ಲಿರುವ ಪ್ರತಿ ಆ್ಯಪನ್ನೂ ಹೊಸ ಸಿಸ್ಟಮ್‌ಗೆ ಹೊಂದುವಂತೆ ಫೋನ್ ಒಳಗೊಳಗೇ ಮತ್ತೆ ಅಣಿಗೊಳಿಸುತ್ತಿರುತ್ತದೆ. ಈ ಕೆಲಸ ನಡೆಯುವುದು ಮುಖ್ಯವಾಗಿ ಪರದೆ ಆರಿ, ಚಾರ್ಜರ್ ಸಿಕ್ಕಿಸಿರುವಾಗ. ಎರಡು ರಾತ್ರಿ ಚಾರ್ಜಿಗೆ ಹಾಕಿ ಬಿಡಿ, ಪ್ಲೇ ಸ್ಟೋರ್‌ನಲ್ಲಿ ಎಲ್ಲ ಆ್ಯಪ್‌ಗಳನ್ನೂ ಅಪ್‌ಡೇಟ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಮೂರನೇ ದಿನವೂ ಹಾಗೇ ಇದ್ದರೆ ಆಗ ದೂರು ಹೇಳಿ.

ಒಂದೇ ಆ್ಯಪ್ ಪದೇ ಪದೇ ಮುಚ್ಚಿಕೊಳ್ಳುತ್ತಿದ್ದರೆ ದೋಷ ಸಿಸ್ಟಮ್‌ನದ್ದೇ ಇರಬೇಕೆಂದಿಲ್ಲ. 2021ರ ಮಾರ್ಚ್‌ನಲ್ಲಿ ಪ್ರಪಂಚದ ಎಷ್ಟೋ ಕಡೆ ಜಿಮೇಲ್ ಸೇರಿದಂತೆ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಜನ ಫೋನ್ ಕೆಟ್ಟಿತೆಂದು ರೀಸೆಟ್ ಮಾಡಿದರು. ಕಾರಣವಾಗಿದ್ದು ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಎಂಬ ಸಣ್ಣ ಭಾಗ. ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವುದು ಅದರ ಕೆಲಸ, ಅಪ್‌ಡೇಟ್ ಬರುವುದು ಪ್ಲೇ ಸ್ಟೋರ್‌ನಿಂದ. ಅದೊಂದರ ಅಪ್‌ಡೇಟ್ ತೆಗೆದರೆ ಎಲ್ಲವೂ ಸರಿಹೋಗುತ್ತಿತ್ತು. ಆದ್ದರಿಂದ ಕ್ರಮ ಹೀಗಿರಲಿ: ಆ ಆ್ಯಪ್‌ನ ಕ್ಯಾಶ್ ಅಳಿಸಿ, ಆ್ಯಪನ್ನೂ ವೆಬ್‌ವ್ಯೂವನ್ನೂ ಅಪ್‌ಡೇಟ್ ಮಾಡಿ, ಅದಕ್ಕೂ ಬಗ್ಗದಿದ್ದರೆ ‘ಸೇಫ್ ಮೋಡ್’ಗೆ ಹೋಗಿ. ಪವರ್ ಮೆನುವಿನಲ್ಲಿ ‘ಪವರ್ ಆಫ್’ ಎಂಬ ಚಿತ್ರವನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳೆಲ್ಲ ಮಲಗಿರುತ್ತವೆ. ಸೇಫ್ ಮೋಡ್‌ನಲ್ಲಿ ಫೋನ್ ಸರಾಗ ಓಡಿದರೆ ಕಳ್ಳ ನಿಮ್ಮ ಆ್ಯಪ್‌ಗಳಲ್ಲೇ ಇದ್ದಾನೆ. ಇತ್ತೀಚೆಗೆ ಹಾಕಿದ್ದನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಅಲ್ಲೂ ಹ್ಯಾಂಗ್ ಆದರೆ ಸಿಸ್ಟಮ್ ಅಥವಾ ಹಾರ್ಡ್‌ವೇರ್ ಕಡೆ ನೋಡಬೇಕು.

ಬ್ಯಾಟರಿಯ ಮಾತು

ಚಾರ್ಜ್ 28 ಶೇಕಡಾ ಇರುವಾಗ ಕ್ಯಾಮೆರಾ ತೆರೆದ ಕೂಡಲೇ ಫೋನ್ ಆಫ್ ಆಗುತ್ತದೆ. ಚಾರ್ಜರ್ ಸಿಕ್ಕಿಸಿ ಆನ್ ಮಾಡಿದರೆ ಮತ್ತೆ 25 ಶೇಕಡಾ ತೋರಿಸುತ್ತದೆ. ಇದು ಸಾಫ್ಟ್‌ವೇರ್ ದೋಷವಲ್ಲ. ಹಳೆಯ ಬ್ಯಾಟರಿಯ ಒಳರೋಧ ಹೆಚ್ಚಿರುತ್ತದೆ. ಕ್ಯಾಮೆರಾ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದರೆ ಫೋನ್ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಬ್ಯಾಟರಿ ಬದಲಿಸುವುದೊಂದೇ ಮದ್ದು. ಎಷ್ಟು ರೀಸೆಟ್ ಮಾಡಿದರೂ ಇದು ಹೋಗದು.

ಫೋನಿನ ಲಿಥಿಯಂ ಬ್ಯಾಟರಿಗೆ ಸುಮಾರು 500 ಪೂರ್ಣ ಸುತ್ತುಗಳ ನಂತರ ಮೂಲ ಸಾಮರ್ಥ್ಯದ 80 ಶೇಕಡಾ ಉಳಿಯುತ್ತದೆ ಎಂಬುದು ವಾಡಿಕೆಯ ಲೆಕ್ಕ. ಈಚಿನ ಕೆಲವು ಮಾದರಿಗಳಲ್ಲಿ ಇದಕ್ಕಿಂತ ಹೆಚ್ಚು. ಇವತ್ತು ಅರ್ಧ, ನಾಳೆ ಅರ್ಧ ಚಾರ್ಜ್ ಮಾಡಿದರೆ ಎರಡೂ ಸೇರಿ ಒಂದು ಸುತ್ತು. ಅದರ ಆಯಸ್ಸು ತಿನ್ನುವುದು ಮುಖ್ಯವಾಗಿ ಬಿಸಿ. ಫೋನ್ ಬಳಸಲು ಕಂಪನಿಗಳು ಹೇಳುವ ಹೊರಗಿನ ಉಷ್ಣಾಂಶ ಸಾಮಾನ್ಯವಾಗಿ 0ರಿಂದ 35 ಡಿಗ್ರಿ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಇನ್ನೂ ಎಷ್ಟೋ ಹೆಚ್ಚು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮ್ಯಾಪ್ ಹಾಕಿಕೊಂಡು, ಚಾರ್ಜಿಗೂ ಹಾಕಿ ಮೈಲಿಗಟ್ಟಲೆ ಹೋಗುವುದು ಬ್ಯಾಟರಿಗೆ ಕೊಡಬಹುದಾದ ದೊಡ್ಡ ಹಿಂಸೆ. ಎಸಿ ಗಾಳಿಯ ಕಿಂಡಿಗೆ ಹೋಲ್ಡರ್ ಸಿಕ್ಕಿಸಿ, ಅಲ್ಲಿ ಫೋನ್ ಇಡಿ. ಹಲವು ಫೋನುಗಳಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಇದೆ. ದಿನವಿಡೀ ಚಾರ್ಜರ್ ಪಕ್ಕದಲ್ಲೇ ಕೂರುವವರು ಅದನ್ನು ಆನ್ ಮಾಡಿಕೊಳ್ಳಿ.

ಇನ್ನೊಂದು ಪರೀಕ್ಷೆ. ಕವರ್ ತೆಗೆದು ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಪರದೆ ಕೆಳಗಾಗಿ ಇಟ್ಟು ಬೆನ್ನನ್ನು ಪಕ್ಕದಿಂದ ನೋಡಿ. ಹಿಂಬದಿ ಉಬ್ಬಿದ್ದರೆ, ಪರದೆಯ ಅಂಚು ಚೌಕಟ್ಟಿನಿಂದ ಕೂದಲೆಳೆಯಷ್ಟು ಎದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಆ ಕ್ಷಣದಿಂದ ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಫೋನ್ ಆಫ್ ಮಾಡಿ ಸರ್ವೀಸ್ ಸೆಂಟರಿಗೆ ಒಯ್ಯಿರಿ.

ಚಾರ್ಜ್ ಹತ್ತುತ್ತಿಲ್ಲ, ಕೇಬಲ್ ಒಂದು ಕೋನದಲ್ಲಿ ಹಿಡಿದರೆ ಮಾತ್ರ ಹತ್ತುತ್ತದೆ ಎನ್ನುವಲ್ಲಿ ಬಹುಪಾಲು ತಪ್ಪು ತೂತಿನ ಕಸದ್ದು. ಜೇಬಿನ ಹತ್ತಿಯ ಎಳೆ, ಧೂಳು ಒಳಗೆ ಸೇರಿ, ಕೇಬಲ್ ಸಿಕ್ಕಿಸಿದಾಗಲೆಲ್ಲ ಒತ್ತಿ ಒತ್ತಿ ಬೆಣೆಯ ಹಾಗೆ ಗಟ್ಟಿಯಾಗುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದೆ ಕೊನೆಯಲ್ಲಿ ಸ್ವಲ್ಪ ಹೊರಗೆ ಉಳಿಯುತ್ತಿದ್ದರೆ ಅದೇ ಗುರುತು. ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡಿ. ಯುಎಸ್‌ಬಿ ಸಿ ತೂತಿನ ನಡುವೆ ತೆಳ್ಳನೆಯ ಒಂದು ನಾಲಿಗೆ ಇರುತ್ತದೆ, ಅದಕ್ಕೆ ತಾಗದಂತೆ ಗೋಡೆಯ ಕಡೆಯಿಂದ ಮರದ ಹಲ್ಲುಕಡ್ಡಿಯಲ್ಲಿ ಕಸವನ್ನು ಮೆಲ್ಲಗೆ ಎಬ್ಬಿ ಹೊರಗೆಳೆಯಿರಿ. ಸೇಫ್ಟಿ ಪಿನ್, ಸೂಜಿ ಬೇಡ. ನಾಲಿಗೆಯ ಮೇಲಿನ ಸಂಪರ್ಕಗಳು ಗೀರಿದರೆ ಪೋರ್ಟನ್ನೇ ಬದಲಿಸಬೇಕು. ಬಾಯಿಂದ ಊದಲೂ ಬೇಡ, ಉಗುಳಿನ ತೇವ ಒಳಹೋಗುತ್ತದೆ.

ಪರದೆಯ ಮೇಲೆ ಗೆರೆ

ಅಮೋಲೆಡ್ ಪರದೆಯ ಮೇಲೆ ಮೇಲಿಂದ ಕೆಳಗೆ ಹಸಿರು ಅಥವಾ ಗುಲಾಬಿ ಗೆರೆ ಬೀಳುವುದು ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಬಹಳ ಜನ ಅನುಭವಿಸಿದ ಸಂಕಟ. ‘ಅಪ್‌ಡೇಟ್ ಆದ ಮೇಲೆಯೇ ಬಂತು’ ಅನ್ನುವ ದೂರು ಅದರ ಜೊತೆಗೇ ಬರುತ್ತದೆ. ಪರೀಕ್ಷೆ ಸುಲಭ. ಗೆರೆ ಕಾಣುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಿ. ಅಲ್ಲಿ ಗೆರೆ ಇಲ್ಲದಿದ್ದರೆ ಚಿತ್ರ ಸರಿಯಾಗಿಯೇ ತಯಾರಾಗುತ್ತಿದೆ, ಅದನ್ನು ತೋರಿಸುವ ಪರದೆಯೋ ಅದರ ಸಂಪರ್ಕದ ಪಟ್ಟಿಯೋ ಕೆಟ್ಟಿದೆ ಎಂದು ಅರ್ಥ. ಆನ್ ಆಗುವಾಗ ಕಂಪನಿಯ ಹೆಸರು ಬರುವ ಹೊತ್ತಿಗೇ ಗೆರೆ ಇದ್ದರೆ ಇನ್ನೂ ಖಚಿತ. ರೀಸೆಟ್‌ನಿಂದ ಇದು ಹೋಗದು. ಆದರೆ ದುಡ್ಡು ಕೊಟ್ಟು ಪರದೆ ಹಾಕಿಸುವ ಮೊದಲು ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿ. ಭಾರತದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಆಯ್ದ ಮಾದರಿಗಳಿಗೆ ವಾರಂಟಿ ಮುಗಿದಿದ್ದರೂ ಈ ಗೆರೆಯ ತೊಂದರೆಗೆ ಉಚಿತವಾಗಿ ಪರದೆ ಬದಲಿಸಿಕೊಟ್ಟಿವೆ. ಕೇಳದಿದ್ದರೆ ತಾವಾಗಿ ಹೇಳುತ್ತಾರೆ ಎಂದು ನಂಬಬೇಡಿ.

ಲೋಗೋದಲ್ಲೇ ನಿಂತರೆ

ಮೊದಲು ಕವರ್ ತೆಗೆಯಿರಿ. ಬಿಗಿಯಾದ ಕವರ್ ವಾಲ್ಯೂಮ್ ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಫೋನ್ ಪ್ರತಿ ಸಲವೂ ಸೇಫ್ ಮೋಡ್‌ಗೋ ಫಾಸ್ಟ್‌ಬೂಟ್ ಎಂಬ ದುರಸ್ತಿಯವರ ಪರದೆಗೋ ಹೋಗುತ್ತಿರುತ್ತದೆ. ಆಮೇಲೆ ಪವರ್ ಮತ್ತು ವಾಲ್ಯೂಮ್ ಇಳಿಸುವ ಗುಂಡಿ ಎರಡನ್ನೂ 10ರಿಂದ 20 ಸೆಕೆಂಡ್ ಒತ್ತಿ ಹಿಡಿಯಿರಿ. ಕೆಲವು ಫೋನುಗಳಲ್ಲಿ ಪವರ್ ಗುಂಡಿಯೊಂದನ್ನೇ 30 ಸೆಕೆಂಡ್ ಹಿಡಿಯಬೇಕು. ಅದಕ್ಕೂ ಬಗ್ಗದಿದ್ದರೆ ಅರ್ಧ ಗಂಟೆ ಚಾರ್ಜಿಗೆ ಹಾಕಿ ಮತ್ತೆ ಪ್ರಯತ್ನಿಸಿ.

ಕೊನೆಗೆ ರಿಕವರಿ ಮೋಡ್, ಅಂದರೆ ಆಂಡ್ರಾಯ್ಡ್ ತೆರೆಯದಿದ್ದಾಗ ಬಳಸುವ ದುರಸ್ತಿ ಮೆನು. ಆಫ್ ಆದ ಫೋನಿನಲ್ಲಿ ಪವರ್ ಜೊತೆ ವಾಲ್ಯೂಮ್ ಏರಿಸುವ ಗುಂಡಿ ಹಿಡಿದರೆ ಹಲವು ಮಾದರಿಗಳಲ್ಲಿ ಬರುತ್ತದೆ. ಸ್ಯಾಮ್‌ಸಂಗ್‌ನ ಈಚಿನ ಮಾದರಿಗಳಲ್ಲಿ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿಯೇ ಹೀಗೆ ಮಾಡಬೇಕು. ಅಲ್ಲಿ ‘ರೀಬೂಟ್’, ‘ಟ್ರೈ ಅಗೇನ್’, ಇದ್ದರೆ ‘ವೈಪ್ ಕ್ಯಾಶ್ ಪಾರ್ಟಿಶನ್’ ಇವನ್ನು ಮೊದಲು ಮಾಡಿ, ಇವುಗಳಿಂದ ಫೋಟೋ ಅಳಿಯುವುದಿಲ್ಲ. ‘ವೈಪ್ ಡೇಟಾ’ ಅಥವಾ ‘ಫ್ಯಾಕ್ಟರಿ ರೀಸೆಟ್’ ಎಲ್ಲಕ್ಕಿಂತ ಕೊನೆಯದು. ಬ್ಯಾಕಪ್ ಇಲ್ಲದವರು ಅದನ್ನು ಒತ್ತುವ ಮೊದಲು ಸರ್ವೀಸ್ ಸೆಂಟರಿನಲ್ಲಿ, ಡೇಟಾ ಉಳಿಸಿಕೊಂಡು ಸಾಫ್ಟ್‌ವೇರ್ ಮತ್ತೆ ಹಾಕಲು ಆಗುತ್ತದೆಯೇ ಎಂದು ಕೇಳಿ.

ಬ್ಯಾಂಕ್ ಆ್ಯಪ್ ತೆರೆಯದಿದ್ದರೆ

ಯುಪಿಐ ಆ್ಯಪ್‌ಗಳು ಹೊಸದಾಗಿ ನೋಂದಣಿ ಕೇಳಿದಾಗ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಫೋನಿನಲ್ಲೇ ಇರಬೇಕು, ಅದರಿಂದ ಎಸ್‌ಎಂಎಸ್ ಹೋಗುವಂಥ ಪ್ಲಾನ್ ಇರಬೇಕು. ಒಳಬರುವ ಕರೆಗೆಂದು ಮಾತ್ರ ಇಟ್ಟುಕೊಂಡ ಸಿಮ್ ಆದರೆ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ತಯಾರಿಸುವವರಿಗೆಂದು ಇರುವ ‘ಡೆವಲಪರ್ ಆಪ್ಷನ್ಸ್’ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ, ಆಫ್ ಮಾಡಿ ನೋಡಿ.

ಇದ್ದಕ್ಕಿದ್ದಂತೆ ಫೋನ್ ಬಿಸಿ, ಡೇಟಾ ಖಾಲಿ, ನೀವು ಕಳಿಸದ ಎಸ್‌ಎಂಎಸ್ ಹೋಗಿದೆ ಎಂದಾದರೆ ಇತ್ತೀಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವುದಾದರೂ ‘ಎಪಿಕೆ’ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಿದ್ದೀರಾ ನೆನಪಿಸಿಕೊಳ್ಳಿ. ಟ್ರಾಫಿಕ್ ದಂಡದ ಚಲನ್, ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ಇವು ಬರುತ್ತವೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಎಪಿಕೆ ಆಗಿ ಎಂದೂ ಬರುವುದಿಲ್ಲ. ಒತ್ತಿದ್ದರೆ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ. ಸೇಫ್ ಮೋಡ್‌ಗೆ ಹೋಗಿ, ‘ಆ್ಯಕ್ಸೆಸಿಬಿಲಿಟಿ’ಯಲ್ಲೂ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ನಲ್ಲೂ ಗುರುತಿಲ್ಲದ ಹೆಸರಿದ್ದರೆ ಅನುಮತಿ ತೆಗೆದು, ಆಮೇಲೆ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿ. ಅನುಮತಿ ತೆಗೆಯದೆ ಅದು ಹೋಗುವುದಿಲ್ಲ. ದುಡ್ಡು ಹೋಗಿದ್ದರೆ ಇನ್ನೊಂದು ಫೋನಿನಿಂದ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ರಿಪೇರಿಗೆ ಕೊಡುವಾಗ ಪಿನ್ ಬರೆದುಕೊಡುವ ರೂಢಿ ಬಿಡಿ. ಸ್ಯಾಮ್‌ಸಂಗ್‌ನಲ್ಲಿ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನಲ್ಲಿ ‘ರಿಪೇರ್ ಮೋಡ್’ ಇದೆ. ಅದನ್ನು ಹಾಕಿಕೊಟ್ಟರೆ ಮೆಕ್ಯಾನಿಕ್ ಎಲ್ಲ ಭಾಗಗಳನ್ನೂ ಪರೀಕ್ಷಿಸಬಹುದು, ನಿಮ್ಮ ಫೋಟೋ, ಸಂದೇಶಗಳು ಮಾತ್ರ ಕಾಣುವುದಿಲ್ಲ. ಕೊಡುವ ಮೊದಲು *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಬರೆದಿಟ್ಟುಕೊಳ್ಳಿ. ಫೋನ್ ಕಳೆದುಹೋದರೆ ಪೊಲೀಸ್ ದೂರು ಕೊಟ್ಟು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಲು ಬೇಕಾಗುವುದೂ ಇದೇ ನಂಬರ್. ಹಳೆಯ ಫೋನನ್ನು ಮಾರುವಾಗ ಅಥವಾ ಊರಲ್ಲಿರುವ ಅಪ್ಪನಿಗೆ ಕೊಡುವಾಗ ಮೊದಲು ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ನಲ್ಲಿ ಗೂಗಲ್ ಖಾತೆ ತೆಗೆಯಿರಿ, ಅದಾದ ಮೇಲೆ ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿ. ಖಾತೆ ತೆಗೆಯದೆ ರಿಕವರಿ ಮೋಡ್‌ನಿಂದ ಅಳಿಸಿದರೆ ಆನ್ ಮಾಡಿದಾಗ ಫೋನ್ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿ ಅಲ್ಲೇ ನಿಲ್ಲುತ್ತದೆ, ಅಪ್ಪ ಫೋನ್ ಕೈಯಲ್ಲಿ ಹಿಡಿದು ನಿಮ್ಮ ಕರೆಗೆ ಕಾಯುತ್ತಾ ಕೂರಬೇಕಾಗುತ್ತದೆ.